ನನ್ನ ಮೂರ್ಛೆರೋಗ ಮತ್ತು ನಮ್ಮ ಶಾಲೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಒಬ್ಬರು ಇಂಜಿನಿಯರು, ಒಬ್ಬರು ತಹಸೀಲ್ದಾರರು, ಇನ್ನೊಬ್ಬರು ಕಾಲೇಜಿನ ಪ್ರಿನ್ಸಿಪಾಲರು. ನಾನು 36 ವರ್ಷ ಸರ್ಕಾರಿ ಆಸ್ಪತ್ರೆಗಳ ಔಷಧಿ ಕೌಂಟರಿನ ಕಿಟಕಿಯ ಹಿಂದೆ ಕೂತವನು. ಹೋದ ವರ್ಷ ನಿವೃತ್ತನಾದೆ. ಸಾಧನೆಯ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದರು. ಅಂಥದ್ದೇನೂ ನನ್ನ ಹತ್ತಿರ ಇಲ್ಲ. ಬದಲಿಗೆ ನನ್ನ ಕಾಯಿಲೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು. ನಾನು 1976ರಿಂದ 79ರವರೆಗೆ ಈ ಶಾಲೆಯಲ್ಲಿ ಓದಿದವನು. ನನ್ನ ಜೊತೆ ಓದಿದವರಿಗೆ ನನ್ನ ಹೆಸರಿಗಿಂತ ನನಗಿಟ್ಟಿದ್ದ ಅಡ್ಡ ಹೆಸರು ಬೇಗ ನೆನಪಾಗುತ್ತದೆ. 'ಪಿಡ್ಸು'. ಈಗ ನಗಬಹುದು, ನಾನೂ ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ.

ಇದು ಶುರುವಾದದ್ದು ನೀರಿನಿಂದ. 1973ರ ದೀಪಾವಳಿ, ನೀರು ತುಂಬುವ ಹಬ್ಬದ ಮಾರನೆಯ ಬೆಳಗಿನ ಜಾವ. ನನಗೆ ಹತ್ತು ವರ್ಷ. ಅವ್ವ ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಬಚ್ಚಲಲ್ಲಿ ಕೂರಿಸಿ, ಹಂಡೆಯಿಂದ ಸುಡುಸುಡು ನೀರು ತೋಡಿ ಚೊಂಬಿನ ಮೇಲೆ ಚೊಂಬು ತಲೆಗೆ ಸುರಿಯುತ್ತಿದ್ದಳು. ನಾಲ್ಕನೆಯದೋ ಐದನೆಯದೋ ಚೊಂಬಿಗೆ ಅವ್ವನ ದನಿ ದೂರವಾಯಿತು. ಬಚ್ಚಲ ಒಲೆಯ ಬೆಂಕಿ ಗೋಡೆಯ ತುಂಬ ಹರಡಿದ ಹಾಗೆ ಕಂಡಿತು. ಆಮೇಲೆ ಕಣ್ಣು ಬಿಟ್ಟಾಗ ನಡುಮನೆಯಲ್ಲಿ ಮಲಗಿದ್ದೆ. ಕೈಯಲ್ಲಿ ಬೀಗದ ಕೈ ಗೊಂಚಲು, ಮೂಗಿನ ಹತ್ತಿರ ಯಾರದೋ ಚಪ್ಪಲಿ, ಸುತ್ತ ಅರ್ಧ ಬೀದಿ.

ಗಾಳಿ ಸೋಕಿದೆ ಎಂದರು. ಹಬ್ಬದ ದಿನ ಬಚ್ಚಲಿಗೆ ಸರಿಯಾಗಿ ಪೂಜೆ ಮಾಡಿಲ್ಲ ಎಂದರು. ತಾಯಿತ ಕಟ್ಟಿದರು, ಬೇವಿನ ಸೊಪ್ಪಿನಲ್ಲಿ ಇಳಿ ತೆಗೆದರು, ದೂರದ ಒಂದು ಊರಿಗೆ ಕರೆದುಕೊಂಡು ಹೋಗಿ ಕತ್ತಿನ ಹಿಂದೆ ಬರೆ ಹಾಕಿಸಿದರು. ಆ ಗುರುತು ಈಗಲೂ ಇದೆ. ಅಪ್ಪ ಅವ್ವನನ್ನು ನಾನು ದೂರುತ್ತಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದು ಅವರಿಗೆ ಮಾತ್ರ ಹೇಗೆ ಗೊತ್ತಿರಬೇಕು? ಆದರೆ ಎಲ್ಲರಿಗಿಂತ ಮೊದಲು ಸರಿಯಾದ್ದನ್ನು ಗುರುತಿಸಿದವಳೂ ಅವ್ವನೇ. ಮೂರನೆಯ ಸಲವೂ ಬಚ್ಚಲಲ್ಲೇ ಬಿದ್ದಾಗ, "ಇವನಿಗೆ ತಲೆಗೆ ನೀರು ಹಾಕ್ದಾಗಲೇ ಬತ್ತದೆ, ಬರೀ ಮೈಗೆ ಹಾಕುದ್ರೆ ಬರಲ್ಲ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವ್ವ ಹೇಳಿದ್ದಕ್ಕೆ ವೈದ್ಯ ಪುಸ್ತಕಗಳಲ್ಲಿ ಹೆಸರಿದೆ ಎಂದು ನನಗೆ ಗೊತ್ತಾದದ್ದು ಡಿ.ಫಾರ್ಮ ಓದುವಾಗ. ಹಾಟ್ ವಾಟರ್ ಎಪಿಲೆಪ್ಸಿ, ಬಿಸಿನೀರಿನ ಮೂರ್ಛೆ. 1945ರಲ್ಲಿ ನ್ಯೂಜಿಲೆಂಡಿನ ವೈದ್ಯರೊಬ್ಬರು ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಆದರೆ ಇದು ಗುಂಪುಗುಂಪಾಗಿ ಕಂಡದ್ದು ನಮ್ಮಲ್ಲಿ, ಅದರಲ್ಲೂ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಜೊತೆಯವರು 1968ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಎಂದರೆ ನಾನು ಬಚ್ಚಲಲ್ಲಿ ಬೀಳುವುದಕ್ಕೂ ಐದು ವರ್ಷ ಮೊದಲೇ ನನ್ನ ಕಾಯಿಲೆ ಅಚ್ಚಾಗಿತ್ತು. ಆಮೇಲೆ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮೊದಲಾದವರು ವರ್ಷಗಟ್ಟಲೆ ಇದನ್ನು ಅಭ್ಯಾಸ ಮಾಡಿದರು. ಇಲಿಗಳ ತಲೆಗೂ ಬಿಸಿನೀರು ಹಾಕಿ ನೋಡಿದ್ದಾರೆ, ಮಕ್ಕಳೆ! ಇಲಿಗೂ ಫಿಟ್ಸ್ ಬಂತು.

ನಮ್ಮಲ್ಲೇ ಏಕೆ ಎಂದು ಕೇಳಬಹುದು. ನಾವು ಸ್ನಾನ ಮಾಡುವ ರೀತಿ ನೋಡಿ. ದಿನವೂ ತಲೆಗೆ ಹಾಕಿಕೊಳ್ಳುವುದಿಲ್ಲ, ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ. ಆ ದಿನ 40ರಿಂದ 50 ಡಿಗ್ರಿ ಬಿಸಿಯ ನೀರನ್ನು ಚೊಂಬಿನಲ್ಲಿ ತೋಡಿ ನೆತ್ತಿಗೆ ದಬದಬ ಸುರಿಯುತ್ತೇವೆ. ಕೆಲವರ ಮಿದುಳು ಹುಟ್ಟಿನಿಂದಲೇ ಆ ಬಿಸಿಯನ್ನು ತಾಳುವುದಿಲ್ಲ. ಮನೆತನದಲ್ಲಿ ಹರಿದು ಬರುವುದೂ ಉಂಟು. ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ.

ಇನ್ನೊಂದು ಮಾತಿದೆ, ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಆ ನೀರು ಬೀಳುವಾಗ, ಪ್ರಜ್ಞೆ ತಪ್ಪುವುದಕ್ಕೆ ಸ್ವಲ್ಪ ಮುಂಚೆ, ನನಗೆ ಒಂದು ಥರ ಹಿತವಾಗುತ್ತಿತ್ತು. ಸಾಕು ಎನ್ನಬೇಕು ಎಂದು ಗೊತ್ತಿದ್ದೂ ಇನ್ನೊಂದು ಚೊಂಬು ಹಾಕಿಕೊಳ್ಳುತ್ತಿದ್ದೆ. ದೊಡ್ಡವನಾದ ಮೇಲೆ ಡಾಕ್ಟರಿಗೆ ನಾಚಿಕೊಂಡು ಹೇಳಿದೆ. "ನೀವೊಬ್ಬರೇ ಅಲ್ಲ ಕಣ್ರೀ, ಈ ಕಾಯಿಲೆಯವರಲ್ಲಿ ಕೆಲವರಿಗೆ ಹಾಗಾಗುತ್ತೆ" ಎಂದರು. ಇಷ್ಟು ವರ್ಷ ನಾನೇ ಕೆಟ್ಟವನು ಎಂದುಕೊಂಡಿದ್ದೆ.

ಇನ್ನು ಶಾಲೆಯ ವಿಷಯ. ಬಿಸಿನೀರಿನ ಮೂರ್ಛೆಯವರಲ್ಲಿ ಕೆಲವರಿಗೆ ಬರುಬರುತ್ತ ನೀರಿಲ್ಲದೆಯೂ ಬರತೊಡಗುತ್ತದೆ. ನನಗೂ ಹಾಗಾಯಿತು. ಒಂಬತ್ತನೆಯ ಕ್ಲಾಸಿನಲ್ಲಿ, ಈಗ ಕಂಪ್ಯೂಟರ್ ಕೊಠಡಿ ಆಗಿರುವ ಆ ಮೂಲೆಯ ಕೋಣೆಯಲ್ಲಿ, ವಿಜ್ಞಾನದ ಪಿರಿಯಡ್‌ನಲ್ಲಿ ಬೆಂಚಿನಿಂದ ಕೆಳಗೆ ಬಿದ್ದೆ. ಹುಡುಗರು ಕಿರುಚಿ ಹೊರಗೆ ಓಡಿದರಂತೆ. ಎಚ್ಚರವಾದಾಗ ಕೋಣೆಯಲ್ಲಿ ಮೇಷ್ಟ್ರು ಮತ್ತು ನಾನು ಇಬ್ಬರೇ. ನನ್ನನ್ನು ಎಡಮಗ್ಗುಲಿಗೆ ಮಲಗಿಸಿದ್ದರು, ತಲೆಯ ಕೆಳಗೆ ಹಾಜರಿ ಪುಸ್ತಕ ಸುತ್ತಿದ್ದ ಅವರ ಟವಲು. ಚಡ್ಡಿ ಒದ್ದೆಯಾಗಿತ್ತು. ನನಗೆ ಸಾವು ಬಂದರೆ ಸಾಕು ಅನ್ನಿಸಿದ್ದು ಬಿದ್ದದ್ದಕ್ಕಲ್ಲ, ಅದಕ್ಕೆ. ಮೇಷ್ಟ್ರು ಬಾಗಿಲು ಹಾಕಿಕೊಂಡು, ತಮ್ಮ ರೂಮಿನಿಂದ ಜವಾನನ ಕೈಲಿ ಒಂದು ಪಂಚೆ ತರಿಸಿ, ನನಗೆ ಸುತ್ತಿ, ಹಿಂದಿನ ಬಾಗಿಲಿನಿಂದ ಸೈಕಲ್ಲಿನಲ್ಲಿ ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, "ಪಂಚೆ ವಾಪಸ್ ಕೊಡೋದು ಮರೀಬೇಡ, ನನ್ ಹತ್ರ ಇರೋದೇ ಎರಡು" ಎಂದರು.

ಮಾರನೆಯ ದಿನ ನಾನು ಹೋಗಲಿಲ್ಲ. ಅಂದು ಅವರು ಪಾಠ ನಿಲ್ಲಿಸಿ ಇಡೀ ಪಿರಿಯಡ್ ಮಿದುಳಿನ ಬಗ್ಗೆ ಹೇಳಿದರಂತೆ. ಮಿದುಳಿನ ಕೋಟ್ಯಂತರ ಕಣಗಳು ಸಣ್ಣ ಸಣ್ಣ ವಿದ್ಯುತ್ತಿನಿಂದ ಒಂದರ ಜೊತೆ ಒಂದು ಮಾತಾಡುತ್ತವೆ, ಒಮ್ಮೊಮ್ಮೆ ಎಲ್ಲವೂ ಒಟ್ಟಿಗೆ ಕೂಗಾಡತೊಡಗುತ್ತವೆ, ಅದೇ ಫಿಟ್ಸು, ಅಂಟುವುದಿಲ್ಲ, ಎಂಜಲಿನಿಂದ ಬರುವುದಿಲ್ಲ. ಸಂತೆಯ ದಿನ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲವಲ್ಲ, ಹಾಗೆ ಎಂದರಂತೆ. ನನ್ನ ಆಚೆ ಈಚೆ ಇಬ್ಬರನ್ನು ಕೂರಿಸಿದರು. ಬಿದ್ದರೆ ಮಗ್ಗುಲಿಗೆ ಹೊರಳಿಸುವುದು ಒಬ್ಬನ ಕೆಲಸ, ಗಡಿಯಾರ ನೋಡುವುದು ಇನ್ನೊಬ್ಬನ ಕೆಲಸ. ಗಡಿಯಾರ ಇದ್ದದ್ದು ಹೆಡ್‌ಮಾಸ್ಟರ ರೂಮಿನಲ್ಲಿ, ಓಡಿ ಹೋಗಿ ನೋಡಬೇಕಿತ್ತು. ಆ ಓಡುವವನು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾನೆ. ಅವನು ಓಡಿ ಬರುವಷ್ಟರಲ್ಲಿ ಯಾವಾಗಲೂ ನನಗೆ ಎಚ್ಚರವಾಗಿರುತ್ತಿತ್ತು.

ಎಲ್ಲರೂ ಹಾಗಿರಲಿಲ್ಲ, ಅದನ್ನೂ ಹೇಳಬೇಕು. ಸುವರ್ಣ ಮಹೋತ್ಸವ ಎಂದು ಬರೀ ಒಳ್ಳೆಯದನ್ನೇ ಹೇಳಿದರೆ ಶಾಲೆಗೂ ಮರ್ಯಾದೆಯಲ್ಲ. ಹತ್ತನೆಯ ತರಗತಿಯಲ್ಲಿ ಬೇಲೂರು ಹಳೇಬೀಡಿಗೆ ಪ್ರವಾಸ ಹೊರಟಿತು. ಅಪ್ಪ ದುಡ್ಡು ಕಟ್ಟಿದ್ದರು. ಹಿಂದಿನ ಸಂಜೆ ನನ್ನನ್ನು ಕರೆದು, "ದಾರೀಲಿ ಏನಾದ್ರೂ ಆದ್ರೆ ಯಾರಪ್ಪ ಜವಾಬ್ದಾರಿ" ಎಂದು ದುಡ್ಡು ವಾಪಸ್ ಕೊಟ್ಟರು. ವಿಜ್ಞಾನದ ಮೇಷ್ಟ್ರು ಆ ವಾರ ರಜೆಯಲ್ಲಿದ್ದರು. ಬೆಳಿಗ್ಗೆ ಬಸ್ಸು ಹೋಗುವುದನ್ನು ನಾನು ಅರಳಿಕಟ್ಟೆಯ ಹಿಂದೆ ನಿಂತು ನೋಡಿದೆ.

ನನ್ನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವಂತೆ ಅಪ್ಪನನ್ನು ಒಪ್ಪಿಸಿದವರೂ ಅದೇ ಮೇಷ್ಟ್ರು. ಅಲ್ಲಿ ಕೊಟ್ಟದ್ದು ಗಾರ್ಡಿನಾಲ್, ಎಂದರೆ ಫಿನೋಬಾರ್ಬಿಟೋನ್. 1912ರಿಂದ ಬಳಕೆಯಲ್ಲಿರುವ ಮಾತ್ರೆ, ಈಗಲೂ ಇದೆ, ಈಗಲೂ ಅಗ್ಗ. ಕ್ಲಾಸಿನಲ್ಲಿ ತೂಕಡಿಕೆ ಬರುತ್ತಿತ್ತು, ಅದಕ್ಕೂ ಬೈಸಿಕೊಂಡಿದ್ದೇನೆ. ಜೊತೆಗೆ ಡಾಕ್ಟರು ಹೇಳಿದ್ದು: ತಲೆಗೆ ಉಗುರು ಬೆಚ್ಚಗಿನ ನೀರೇ ಹಾಕಿ, ಒಬ್ಬನೇ ಬಾಗಿಲು ಹಾಕಿಕೊಂಡು ಸ್ನಾನ ಮಾಡಬೇಡ, ಮಾತ್ರೆ ನಿಲ್ಲಿಸಬೇಡ. ಈಚೆಗೆ ಬಿಸಿನೀರಿನ ಮೂರ್ಛೆ ಮಾತ್ರ ಇರುವವರಿಗೆ ತಲೆಸ್ನಾನಕ್ಕೆ ಮುಂಚೆ ಮಾತ್ರ ಕ್ಲೊಬಜಾಮ್ ಎಂಬ ಮಾತ್ರೆ ಕೊಡುವುದೂ ಇದೆ. ಅದನ್ನು ಡಾಕ್ಟರೇ ತೀರ್ಮಾನಿಸಬೇಕು, ಭಾಷಣ ಕೇಳಿ ಯಾರೂ ತೆಗೆದುಕೊಳ್ಳಬೇಡಿ.

ಮಾತ್ರೆ ನಿಲ್ಲಿಸಬಾರದು ಎಂಬುದನ್ನು ಡಿ.ಫಾರ್ಮದಲ್ಲಿ ಓದಿದೆ, ಪರೀಕ್ಷೆಯಲ್ಲಿ ಬರೆದೆ, 1987ರಲ್ಲಿ ಕೆಲಸಕ್ಕೆ ಸೇರಿ ಕಿಟಕಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದೆ. 1991ರಲ್ಲಿ ನನ್ನ ಮದುವೆ. ಹೆಣ್ಣಿನ ಕಡೆಯವರಿಗೆ ಕಾಯಿಲೆಯ ವಿಷಯ ಹೇಳಬಾರದು ಎಂದು ಮನೆಯಲ್ಲಿ ತೀರ್ಮಾನವಾಯಿತು. ನಾನೂ ತಲೆಯಾಡಿಸಿದೆ. ಮಾತ್ರೆಗಳನ್ನು ಬಿ ಕಾಂಪ್ಲೆಕ್ಸ್ ಡಬ್ಬಿಗೆ ಹಾಕಿಕೊಂಡೆ. ಔಷಧಿ ಕೊಡುವವನೇ ಔಷಧಿಯನ್ನು ಕದ್ದು ನುಂಗುವ ಸ್ಥಿತಿ. ಚಪ್ಪರ, ಧಾರೆ, ಬೀಗರ ಊಟ, ಮನೆ ತುಂಬ ಜನ. ಮೂರು ದಿನ ಡಬ್ಬಿ ಕೈಗೆ ಸಿಗಲಿಲ್ಲ, ನಿದ್ದೆಯಂತೂ ಇಲ್ಲವೇ ಇಲ್ಲ. ಮಾತ್ರೆ ತಪ್ಪುವುದು, ನಿದ್ದೆ ಕೆಡುವುದು, ಫಿಟ್ಸಿಗೆ ಇನ್ನೇನು ಬೇಕು? ನಾಲ್ಕನೆಯ ದಿನ ಮಾವನ ಮನೆಯ ಜಗಲಿಯ ಮೇಲೆ, ಹೊಸ ಬಟ್ಟೆಯಲ್ಲಿ, ಎಲ್ಲರ ಎದುರು ಬಿದ್ದೆ.

ಅವರ ಬಳಗದಲ್ಲಿ ಒಬ್ಬರು ವಕೀಲರಿದ್ದರು. ಮೂರ್ಛೆರೋಗ ಇರುವವನ ಮದುವೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಬಹುದು ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆಗ ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇ ಪದೇ ಹುಚ್ಚು ಅಥವಾ ಅಪಸ್ಮಾರ ಬರುವವರು ಮದುವೆಗೆ ಅನರ್ಹರು ಎಂಬ ಅರ್ಥದ ಮಾತಿತ್ತು. ಒಂದೇ ಸಾಲಿನಲ್ಲಿ ಎರಡೂ. ಅಪಸ್ಮಾರ ಎಂಬ ಪದವನ್ನು ಅಲ್ಲಿಂದ ತೆಗೆದದ್ದು 1999ರ ತಿದ್ದುಪಡಿಯಲ್ಲಿ. ನಾನು ಬಿದ್ದದ್ದು ಎಂಟು ವರ್ಷ ಮುಂಚೆ.

ನನ್ನ ಹೆಂಡತಿಗೆ ಆಗ ಇಪ್ಪತ್ತೆರಡು ವರ್ಷ. ಈ ಮಾತನ್ನು ಅವಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ, ಇಲ್ಲೇ ಕೂತಿದ್ದಾಳೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಆ ಬಿ ಕಾಂಪ್ಲೆಕ್ಸ್ ಡಬ್ಬಿಯನ್ನು ತಂದು ಮುಂದಿಟ್ಟು, "ಕಾಯಿಲೆ ಇದ್ರೆ ಇರ್ಲಿ. ಹೇಳಿದ್ರೆ ನಾನು ಬೇಡ ಅಂತಿದ್ನೇನೋ, ಹೂಂ ಅಂತಿದ್ನೇನೋ, ಅದನ್ನ ನಾನೇ ಹೇಳ್ಬೇಕಿತ್ತು. ಅಷ್ಟಕ್ಕೂ ಬಿಡ್ಲಿಲ್ವಲ್ಲ ನೀವು" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಅವಳು ಉಳಿದಳು, ಆದರೆ ಅದರಿಂದ ನಾನು ಮಾಡಿದ್ದು ಸರಿಯಾಗುವುದಿಲ್ಲ. ಮದುವೆಗೆ ಮುಂಚೆ ಹೇಳಬೇಕೋ ಬೇಡವೋ ಎಂದು ನನ್ನನ್ನು ಗುಟ್ಟಾಗಿ ಕೇಳಿದವರು ಬಹಳ. ಹೇಳಿ ಎಂದೇ ಎಲ್ಲರಿಗೂ ಹೇಳಿದ್ದೇನೆ. ಹೇಳಿದ್ದರಿಂದ ಇಬ್ಬರಿಗೆ ಸಂಬಂಧ ತಪ್ಪಿತು. ಅವರು ನನ್ನ ಮೇಲೆ ಸಿಟ್ಟಾದರು, ಸಿಟ್ಟಾಗಲು ಅವರಿಗೆ ಕಾರಣವೂ ಇತ್ತು.

ಕಿಟಕಿಯ ಹಿಂದಿನಿಂದ ಕಂಡದ್ದನ್ನು ಸ್ವಲ್ಪ ಹೇಳಿ ಮುಗಿಸುತ್ತೇನೆ.

ಮೂರು ತಿಂಗಳು ಫಿಟ್ಸ್ ಬರದಿದ್ದರೆ ವಾಸಿಯಾಯಿತು ಎಂದು ಮಾತ್ರೆ ಬಿಡುವವರೇ ಹೆಚ್ಚು. ಮನೆಯಲ್ಲಿ ಇಬ್ಬರಿಗಿದ್ದರೆ ಒಬ್ಬರ ಮಾತ್ರೆಯನ್ನು ಮುರಿದು ಇಬ್ಬರೂ ನುಂಗುವವರಿದ್ದರು. ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡ ಹೆಂಗಸರನ್ನು ನೋಡಿದ್ದೇನೆ. ಎಪ್ಟೋಯಿನ್ ನುಂಗಿ ವಸಡು ಊದಿಕೊಂಡು, ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ಮಾತ್ರೆ ಬದಲಾಯಿಸಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಸುರಿಯಾದ ಕೂಡಲೆ ಮಗುವಿಗೆ ತೊಂದರೆ ಎಂದು ತಾವೇ ನಿಲ್ಲಿಸಿ, ತುಂಬಿದ ಹೊಟ್ಟೆಯಲ್ಲಿ ಬಿದ್ದವರಿದ್ದಾರೆ. ಕೆಲವು ಮಾತ್ರೆ ಆ ಕಾಲಕ್ಕೆ ಒಳ್ಳೆಯದಲ್ಲ ಎಂಬುದು ನಿಜ. ಅದನ್ನು ಮದುವೆಗೆ ಮುಂಚೆಯೇ, ಬಸುರಿಗೆ ಮುಂಚೆಯೇ ಡಾಕ್ಟರ ಜೊತೆ ಕೂತು ಬದಲಾಯಿಸಬೇಕು, ಮನೆಯಲ್ಲಿ ತೀರ್ಮಾನಿಸಬಾರದು. ಇನ್ನು ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಸೇರಿ ಮಿದುಳಿಗೆ ಹೋಗಿ ಬರುವ ಫಿಟ್ಸ್ ನಮ್ಮ ದೇಶದಲ್ಲಿ ಬಹಳ. ಬಯಲಿಗೆ ಹೋಗುವ ಜಾಗದ ಪಕ್ಕದಲ್ಲೇ ಬೆಳೆದ ಸೊಪ್ಪು ತರಕಾರಿಯನ್ನು ತೊಳೆಯದೆ ಹಸಿಯಾಗಿ ತಿಂದರೆ ಸಾಕು. ಮಾಂಸ ಮುಟ್ಟದವರಿಗೂ ಬರುತ್ತದೆ. ಇದನ್ನು ಹೇಳಿದಾಗ ಕೆಲವರು ಮುಖ ಸಿಂಡರಿಸುತ್ತಾರೆ.

ನಮ್ಮ ಜಿಲ್ಲೆಯದೇ ಒಂದು ಸಂಗತಿಯನ್ನು ಇಲ್ಲಿನ ಮಕ್ಕಳು ತಿಳಿದಿರಬೇಕು. ನಾನು ಆಗಲೇ ಹೆಸರಿಸಿದ ಡಾ. ಮಣಿಯವರು ಮತ್ತು ಅವರ ತಂಡ ಯಳಂದೂರಿನಲ್ಲಿ ಮನೆ ಮನೆಗೆ ಹೋಗಿ ಮೂರ್ಛೆರೋಗದವರನ್ನು ಹುಡುಕಿ, ಫಿನೋಬಾರ್ಬಿಟೋನ್ ಮತ್ತು ಫೆನಿಟೋಯಿನ್ ಎಂಬ ಎರಡು ಹಳೆಯ, ಅಗ್ಗದ ಮಾತ್ರೆಗಳಿಂದಲೇ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟರು. ಬಹಳ ಜನಕ್ಕೆ ಹಿಡಿತಕ್ಕೆ ಬಂತು. 2001ರಲ್ಲಿ ಅದು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಯಳಂದೂರಿನ ಹೆಸರಿನಲ್ಲೇ ಅಚ್ಚಾಯಿತು. ಸರಿಯಾಗಿ ಮಾತ್ರೆ ಸಿಕ್ಕರೆ ನೂರಕ್ಕೆ ಎಪ್ಪತ್ತು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಸಿಕ್ಕರೆ, ಎನ್ನುವ ಪದವನ್ನು ಗಮನಿಸಿ.

ಏಕೆಂದರೆ ಸಿಗದ ದಿನಗಳೂ ಇದ್ದವು. ತೊಂಬತ್ತರ ದಶಕದ ಮಾತು, ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಕಬ್ಬು ಕಡಿಯುವ ಒಬ್ಬನಿಗೆ ನಾಲ್ಕು ವರ್ಷದಿಂದ ಗಾರ್ಡಿನಾಲ್ ನಡೆಯುತ್ತಿತ್ತು, ಫಿಟ್ಸ್ ನಿಂತೇ ಹೋಗಿತ್ತು. ಒಂದು ಸೋಮವಾರ ಅವನ ಹೆಂಡತಿ ಚೀಟಿ ಹಿಡಿದು ಬಂದಳು. ಸ್ಟಾಕ್ ಮುಗಿದಿತ್ತು. "ಇಲ್ಲಮ್ಮ, ಮುಂದಿನ ಸೋಮವಾರ ಬಾ" ಎಂದೆ. ಹಿಂದೆ ಉದ್ದ ಸಾಲಿತ್ತು. ಒಂದು ವಾರ ತಪ್ಪಿದರೆ ಏನಾಗುತ್ತದೆ ಎಂದು ಆ ಕಟ್ಟಡದಲ್ಲಿ ನನಗಿಂತ ಚೆನ್ನಾಗಿ ತಿಳಿದವನು ಯಾರೂ ಇರಲಿಲ್ಲ. ಎದುರಿನ ಅಂಗಡಿಯಲ್ಲಿ ನನ್ನ ಜೇಬಿನ ದುಡ್ಡಿನಿಂದಲೇ ಒಂದು ವಾರಕ್ಕಾಗುವಷ್ಟು ಕೊಡಿಸಬಹುದಿತ್ತು. ನನ್ನ ಮನೆಯ ಡಬ್ಬಿಯಲ್ಲೇ ಇತ್ತು. ಶನಿವಾರ ಅವನಿಗೆ ಫಿಟ್ಸ್ ಶುರುವಾದದ್ದು ನಿಲ್ಲಲೇ ಇಲ್ಲ. ಒಂದರ ಹಿಂದೆ ಒಂದು, ನಡುವೆ ಎಚ್ಚರವಿಲ್ಲದೆ. ತಾಲ್ಲೂಕು ಆಸ್ಪತ್ರೆಗೆ ಎತ್ತಿನಗಾಡಿಯಲ್ಲಿ ಸಾಗಿಸುವಾಗ ದಾರಿಯಲ್ಲೇ ಹೋದ.

ಸೋಮವಾರ ಆಕೆ ಬಂದಳು. ಡಾಕ್ಟರ ಸಹಿಗೆ ಬಂದವಳು ನನ್ನ ಕಿಟಕಿಯ ಹತ್ತಿರ ನಿಂತು, "ಬಂತಾ ಸಾ ಮಾತ್ರೆ?" ಎಂದು ಕೇಳಿದಳು. ಜಗಳಕ್ಕಲ್ಲ, ಸುಮ್ಮನೆ ಕೇಳಿದಳು. ಬಂದಿತ್ತು. ಬಂದಿದೆ ಎಂದೆ.

ಅಂದಿನಿಂದ ಒಂದು ಬೇರೆ ನೋಟುಪುಸ್ತಕ ಇಟ್ಟೆ. ಮೂರ್ಛೆಯವರ ಹೆಸರು, ಊರು, ಮಾತ್ರೆ ಮುಗಿಯುವ ತಾರೀಖು. ಹದಿನೈದು ದಿನ ಮುಂಚೆಯೇ ಇಂಡೆಂಟ್ ಹಾಕುತ್ತಿದ್ದೆ, ಬರದಿದ್ದರೆ ಪಕ್ಕದ ಆಸ್ಪತ್ರೆಯಿಂದ ಸಾಲ ತರುತ್ತಿದ್ದೆ. ತಾರೀಖು ದಾಟಿಯೂ ಬಾರದವರ ಮನೆಗೆ ದಾದಿಯವರ ಕೈಲಿ, ಆಮೇಲೆ ಆಶಾ ಕಾರ್ಯಕರ್ತೆಯರ ಕೈಲಿ ಹೇಳಿ ಕಳಿಸುತ್ತಿದ್ದೆ. ಮೇಲಿನವರು ಇದು ಯಾವ ನಮೂನೆಯ ರಿಜಿಸ್ಟರು ಎಂದು ಕೇಳಿದ್ದೂ ಉಂಟು. ನಿವೃತ್ತನಾಗುವಾಗ ಅದನ್ನು ನನ್ನ ಜಾಗಕ್ಕೆ ಬಂದ ಹುಡುಗಿಗೆ ಕೊಟ್ಟೆ. ಈಗ ಮೊಬೈಲಿನಲ್ಲಿ ಹಾಕಿಕೊಂಡಿದ್ದಾಳೆ.

ಮಕ್ಕಳೆ, ಯಾರಾದರೂ ನಿಮ್ಮ ಮುಂದೆ ಬಿದ್ದರೆ ಕಬ್ಬಿಣ ಹುಡುಕಬೇಡಿ, ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಸುತ್ತಲಿನ ಕಲ್ಲು ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಥವಾ ನಿಂತು ಮತ್ತೆ ಶುರುವಾದರೆ 108ಕ್ಕೆ ಫೋನ್ ಮಾಡಿ. ಎಚ್ಚರವಾಗುವಾಗ ಸುತ್ತ ಗುಂಪು ಇರದಂತೆ ನೋಡಿಕೊಳ್ಳಿ. ಬಟ್ಟೆ ಒದ್ದೆಯಾಗಿದ್ದರೆ ಏನಾದರೂ ಹೊದಿಸಿ. ಇದನ್ನು ಪುಸ್ತಕಗಳಲ್ಲಿ ಅಷ್ಟಾಗಿ ಬರೆಯುವುದಿಲ್ಲ.

ನಿನ್ನೆ ಸಂಜೆ ಗೇಟಿನ ಹತ್ತಿರ ಒಬ್ಬ ತಾಯಿ ಸಿಕ್ಕಿದ್ದರು. ಅವರ ಮಗು ಈ ಶಾಲೆಯಲ್ಲೇ ಓದುತ್ತಿದೆ. ಯಾವ ಕ್ಲಾಸು, ಗಂಡೋ ಹೆಣ್ಣೋ ಹೇಳುವುದಿಲ್ಲ. ಡಿಸೆಂಬರಿನಲ್ಲಿ ಪ್ರವಾಸ ಇದೆಯಂತೆ, ಕಳಿಸಬಹುದಾ ಅಣ್ಣ ಎಂದು ಕೇಳಿದರು. ಮಾತ್ರೆ ತಪ್ಪದೆ ನಡೆಯುತ್ತಿದೆ, ಒಂದೂವರೆ ವರ್ಷದಿಂದ ಫಿಟ್ಸ್ ಬಂದಿಲ್ಲ. ರಾತ್ರಿಯೇ ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಮಾತಾಡಿದೆ. "ನೀವೂ ಜೊತೆಗೆ ಬರೋದಾದ್ರೆ ನನಗೆ ಧೈರ್ಯ ಸಾರ್" ಎಂದರು. ಬೇಲೂರನ್ನು ಆಮೇಲೆ ಹೆಂಡತಿ ಮಗಳ ಜೊತೆ ನೋಡಿದ್ದೇನೆ. ಶಾಲೆಯ ಬಸ್ಸಿನಲ್ಲಿ ಹೋಗಿ ನೋಡಿಲ್ಲ. ಬಸ್ಸು ಬೆಳಿಗ್ಗೆ ಐದಕ್ಕಂತೆ, ಬರುತ್ತೇನೆ ಎಂದಿದ್ದೇನೆ.

ಪಂಚೆ ಮಾತ್ರ ಮೇಷ್ಟ್ರಿಗೆ ಆ ವಾರವೇ ಒಗೆದು ಮಡಿಸಿ ಕೊಟ್ಟಿದ್ದೆ. ಅವರು ಇಂದು ಮುಂದಿನ ಸಾಲಿನಲ್ಲೇ ಇದ್ದಾರೆ, ಬೇಕಾದರೆ ಕೇಳಿ ನೋಡಿ.